ಔಷಧದ ಕಾಯಕವೂ ಉದ್ಯೋಗದ ಪೇಟೆಯೂ
(ಶ್ರೀಮಠದ ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ರೋಗಿಗೆ ಮದ್ದು ಕೊಡುವುದೂ ಕಾಯಕವೆಂಬುದಕ್ಕೆ ಆತನೇ ನಿದರ್ಶನ. ಪೂರ್ವದಲ್ಲಿ ನಾಡಿ ನೋಡುವವನೂ ಮದ್ದು ಅರೆಯುವವನೂ ಒಬ್ಬನೇ ಆಗಿದ್ದನು. ಕಾಲಾಂತರದಲ್ಲಿ ಇವೆರಡೂ ಬೇರೆಯಾಗಿ, ವೈದ್ಯರ ಚೀಟಿಯನ್ನು ಪರಿಶೀಲಿಸಿ ಔಷಧವನ್ನು ಕೊಡತಕ್ಕ ಕಾರ್ಯವು ಫಾರ್ಮಸಿಸ್ಟರ ಪಾಲಿಗೆ ಬಂದಿತು. ಹಿರಿಯರು ಇಂಥವರನ್ನು ಕಂಪೌಂಡರರೆಂದು ಕರೆಯುತ್ತಿದ್ದರು.

ಭಾರತದಲ್ಲಿ ಈ ವಿದ್ಯೆಯ ವ್ಯವಸ್ಥಿತ ಬೋಧನೆಗೆ ಮಹಾದೇವ ಲಾಲ್ ಶ್ರಾಫರು 1932ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ತಳಹದಿ ಹಾಕಿದರು. 1948ರ ಫಾರ್ಮಸಿ ಕಾಯಿದೆಯು, ವೈದ್ಯರು ಸ್ವಂತ ರೋಗಿಗಳಿಗೆ ಕೊಡುವುದನ್ನುಳಿದು, ಚೀಟಿಯ ಮೇಲೆ ಔಷಧ ಕೊಡುವ ಅಧಿಕಾರವನ್ನು ನೋಂದಾಯಿತರಿಗೆ ಮಾತ್ರ ವಿಧಿಸಿತು. ಹೀಗೆ ಔಷಧದಂಗಡಿಗಳ ಮಟ್ಟಿಗೆ ಬೇಡಿಕೆಯನ್ನು ಶಾಸನವೇ ನಿರ್ಮಿಸಿತೆನ್ನಬಹುದು.

ಪೂರೈಕೆಯಾದರೋ ಬೇರೆ ದಾರಿಯಿಂದ ಬೆಳೆಯಿತು. 2 ವರ್ಷಗಳ ಡಿಪ್ಲೊಮಾ, 4 ವರ್ಷಗಳ ಪದವಿ ಇವುಗಳಿಗಾಗಿ ಕಾಲೇಜುಗಳು ಹೆಚ್ಚಿದವು. ಈ ವೃದ್ಧಿಗೆ ಅಂಜಿ ಭಾರತೀಯ ಫಾರ್ಮಸಿ ಪರಿಷತ್ತು 2019ರಲ್ಲಿ, ಕೆಲವು ವಿನಾಯಿತಿಗಳನ್ನಿಟ್ಟು, ಹೊಸ ಕಾಲೇಜುಗಳನ್ನು 5 ವರ್ಷ ತಡೆಯುವ ನಿರ್ಣಯವನ್ನು ಕೈಗೊಂಡಿತು. ಬರಿಯ ನಿರ್ಣಯದಿಂದ ಇಂಥ ತಡೆ ಸಲ್ಲದೆಂದು ಕರ್ನಾಟಕವೂ ಸೇರಿದಂತೆ ಉಚ್ಚ ನ್ಯಾಯಾಲಯಗಳು ತೀರ್ಪಿತ್ತವು; 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ಸಂಖ್ಯೆ ಹೆಚ್ಚಿದುದೊಂದೇ ಸಂಬಳ ಕುಗ್ಗುವುದಕ್ಕೆ ಕಾರಣವೆ? ಅಲ್ಲ. ಕೆಲವರು ತಮ್ಮ ಪ್ರಮಾಣಪತ್ರವನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ತಾವು ಬೇರೆಡೆ ಇರುವರು. ಗೋಡೆಯ ಮೇಲೆ ಹೆಸರು, ಗಲ್ಲೆಯ ಹಿಂದೆ ಅನರ್ಹನಾದ ಹುಡುಗ! ಅಲ್ಪ ಬಾಡಿಗೆಗೆ ಹೆಸರು ದೊರೆಯುತ್ತಿರಲು ಪೂರ್ಣ ಸಂಬಳವಿತ್ತು ಮನುಷ್ಯನನ್ನು ನೇಮಿಸುವ ವರ್ತಕನಾರು? ಹೀಗೆ ಬಾಡಿಗೆಯ ಒಂದೊಂದು ಪತ್ರವೂ ಒಬ್ಬೊಬ್ಬ ತರುಣನ ಅನ್ನದ ಸ್ಥಾನವನ್ನು ನುಂಗುತ್ತದೆ. ಅಂಗಡಿಯಲ್ಲಿ ಬಲ್ಲವನಿಲ್ಲ, ಬಲ್ಲವನಿಗೆ ಅಂಗಡಿಯಿಲ್ಲ.

ನಷ್ಟವು ರೋಗಿಗೂ ತಪ್ಪದು. ರಕ್ತವನ್ನು ತೆಳುವಾಗಿಸುವ ಔಷಧವನ್ನು ಸೇವಿಸುತ್ತಿರುವ ವೃದ್ಧನೊಬ್ಬನು ಮೈನೋವಿಗೆ ಆಸ್ಪಿರಿನ್ ಕೇಳಿದರೆ, ಎರಡೂ ಕೂಡಿದಾಗ ರಕ್ತಸ್ರಾವದ ಭಯವುಂಟೆಂದು ಬಲ್ಲವನು ತಡೆದು ವೈದ್ಯನ ಬಳಿಗೆ ಕಳುಹಿಸುವನು. ಗೋಡೆಯ ಪತ್ರವು ಇಳಿದುಬಂದು ತಡೆಯಲಾರದು.

ಮನೆಯ ಬಡತನವೇ ಹೀಗೆ ಮಾಡಿಸುವುದೆಂದು ಕೆಲವರು ಹೇಳುವರು. ಆ ಕಷ್ಟವು ಸುಳ್ಳಲ್ಲ. ಆದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳೂ ಬಡವರೇ. ಪತಿಯು ಒಂದು ದಿನ ಅಗತ್ಯಕ್ಕೆ ಮೀರಿ ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಕಳುಹಿದಳೆಂಬುದು ಸರ್ವವಿದಿತ. ಆಯ್ದು ತಂದ ಅಕ್ಕಿಗೇ ಇಷ್ಟು ಕಟ್ಟುನಿಟ್ಟಾದರೆ, ದುಡಿಯದೆ ಬಂದ ಬಾಡಿಗೆಯನ್ನು ಕಾಯಕವೆನ್ನಲು ಹೇಗಾದೀತು?

ಆದುದರಿಂದ ಈ ವಿದ್ಯೆಯನ್ನು ಕಲಿಯುವ ತರುಣರು ತಮ್ಮ ಹೆಸರಿದ್ದಲ್ಲಿ ತಾವೂ ನಿಲ್ಲಲಿ. ಔಷಧದಂಗಡಿಯನ್ನು ನಡೆಸುವ ಭಕ್ತರು ಪತ್ರಕ್ಕಲ್ಲ, ಮನುಷ್ಯನಿಗೆ ಸಂಬಳ ಕೊಡಲಿ. ಕೊಳ್ಳುವವರು, “ಫಾರ್ಮಸಿಸ್ಟರು ಎಲ್ಲಿ?” ಎಂದು ಸಂಕೋಚವಿಲ್ಲದೆ ಕೇಳಲಿ. ಆಗ ಪೇಟೆಯ ತೂಕವೂ ಸರಿಹೋಗುವುದು, ಕಾಯಕದ ಮಾನವೂ ಉಳಿಯುವುದು.

ಶ್ರೀಗುರುಬಸವಲಿಂಗಾಯ ನಮಃ.