ಥೈರಾಯ್ಡ್: ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹಾಗೇ ಇದೆ

ಇವತ್ತು ಬಂಡಳ್ಳಿಯಿಂದ್ಲೇ, ನಮ್ಮ ಮನೆ ಒಳರೂಮಲ್ಲಿ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಮಧ್ಯೆ ಕೋಳಿ ಕೂಗಿದ್ರೆ ಸಹಿಸ್ಕೊಳ್ಳಿ. ಹೋದ ಸಲ ನನ್ನ ಥೈರಾಯ್ಡ್ ಮಾತ್ರೆ ಬಗ್ಗೆ ಒಂದೇ ಒಂದು ಸಾಲು ಹೇಳಿದ್ದೆ. ಅದಕ್ಕೆ ಬಂದಷ್ಟು ಮೆಸೇಜು ನಮ್ಮ ಜಿಎಸ್‌ಟಿ ಎಪಿಸೋಡ್‌ಗೂ ಬಂದಿರ್ಲಿಲ್ಲ. ಹೆಚ್ಚಿನವರದ್ದು ಒಂದೇ ಮಾತು: 'ರಿಪೋರ್ಟ್ ನಾರ್ಮಲ್ ಅಂತಾರೆ, ಆದ್ರೆ ನಾನು ಸರಿ ಇಲ್ಲ.' ಹಾಗಾಗಿ ಇವತ್ತು ಅದೇ ವಿಷಯ. ನಾನು ಬಿ.ಕಾಂ. ಓದಿದವಳು, ಡಾಕ್ಟರ್ ಅಲ್ಲ. ಪೇಶೆಂಟ್ ಅಷ್ಟೆ.

ನನಗೆ ಆಗ 24. ಬೆಂಗಳೂರಲ್ಲಿ ಆಡಿಟ್ ಆಫೀಸ್ ಕೆಲಸ. ದೀಪಾವಳಿಗೆ ಊರಿಗೆ ಬಂದಾಗ ಮನೆಯವರೆಲ್ಲ ಮಾದಪ್ಪನ ಬೆಟ್ಟಕ್ಕೆ ಹೊರಟ್ವಿ. ತಾಳಬೆಟ್ಟದಿಂದ ನಡಿಗೆ. ಚಿಕ್ಕವಳಿದ್ದಾಗ ಓಡ್ಕೊಂಡು ಹತ್ತಿದ ದಾರಿ ಅದು. ಆ ಸಲ ನಾಲ್ಕು ಹೆಜ್ಜೆಗೊಂದು ಸಲ ಕೂತ್ಕೋತಿದ್ದೆ. ಬಿಸಿಲಲ್ಲೂ ಸ್ವೆಟರ್ ಹಾಕಿದ್ದೆ. ಅತ್ತೆ, 'ಏನಮ್ಮಿ, ಮುಖ ಹಿಂಗ್ ಊದ್ಕಂಡದೆ?' ಅಂದ್ರು. ಅಮ್ಮ, 'ಕಂಪ್ಯೂಟ್ರು ಮುಂದೆ ಕೂತೂ ಕೂತೂ ಸೋಮಾರಿ ಆಗವ್ಳೆ' ಅಂದ್ಬಿಟ್ಲು. ನಾನೂ ಅದನ್ನೇ ನಂಬಿದ್ದೆ. ವಾಪಸ್ ಹೋಗಿ ರಕ್ತ ಕೊಟ್ರೆ ಟಿಎಸ್‌ಎಚ್ 38. ಸಾಮಾನ್ಯವಾಗಿ 4ರ ಆಸುಪಾಸಿನ ಒಳಗಿರ್ಬೇಕಾದ್ದು.

ಇಲ್ಲೊಂದು ಉಲ್ಟಾ ಲೆಕ್ಕ ಇದೆ. ಕತ್ತಲ್ಲಿರೋ ಥೈರಾಯ್ಡ್ ಗ್ರಂಥಿ ನಿಧಾನ ಆದ್ರೆ, ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ 'ಕೆಲಸ ಮಾಡು' ಅಂತ ಜೋರಾಗಿ ಕೂಗತ್ತೆ. ಆ ಕೂಗೇ ಟಿಎಸ್‌ಎಚ್. ಅಂದ್ರೆ ಟಿಎಸ್‌ಎಚ್ ಜಾಸ್ತಿ ಇದ್ರೆ ಥೈರಾಯ್ಡ್ ಕಮ್ಮಿ. ನೆಂಟರು 'ಅಯೋಡಿನ್ ಉಪ್ಪು ತಿನ್ನಲ್ವಾ?' ಅಂತ ಕೇಳ್ತಾರೆ. ಗಳಗಂಡ ತಡೆಯೋಕೆ ಸರ್ಕಾರ 1962ರಲ್ಲೇ ಕಾರ್ಯಕ್ರಮ ಶುರು ಮಾಡಿದೆ, ಆ ಉಪ್ಪು ಈಗ ನಮ್ಮೂರ ಅಂಗಡಿಯಲ್ಲೂ ಸಿಗತ್ತೆ. ನನ್ನದು ಬೇರೆ. ನನ್ನ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿ ಮೇಲೆ ಬಿದ್ದಿದೆ. 1912ರಲ್ಲಿ ಇದನ್ನ ಬರೆದಿಟ್ಟ ಜಪಾನಿ ವೈದ್ಯ ಹಶಿಮೊಟೊ ಹೆಸರೇ ಇದಕ್ಕಿದೆ.

ಇದು ಅಪರೂಪ ಅಲ್ಲ. 2013ರಲ್ಲಿ ಬಂದ ಒಂದು ಅಧ್ಯಯನ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ನೋಡಿದಾಗ ದೊಡ್ಡವರಲ್ಲಿ 100ಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಕಮ್ಮಿ ಇತ್ತು. ಎಲ್ಲ ನಗರಗಳೇ, ಗಮನಿಸಿ.

ಮಾತ್ರೆ ಶುರುವಾಯ್ತು. ಕೆಲವು ತಿಂಗಳಲ್ಲಿ ಟಿಎಸ್‌ಎಚ್ 2.9. ಮುಖದ ಊತ ಇಳೀತು. ಆದ್ರೆ ಸುಸ್ತು ಹೋಗ್ಲಿಲ್ಲ. ನಾನು ಹೋಗ್ತಿದ್ದ ಕ್ಲಿನಿಕ್‌ನಲ್ಲಿ ರಿಪೋರ್ಟ್ ನೋಡಿ, 'ನಾರ್ಮಲ್, ತೂಕ ಇಳಿಸಿ' ಅಂದು ಮುಂದಿನ ಪೇಶೆಂಟ್‌ನ ಕರೆದ್ರು. ಎರಡು ನಿಮಿಷ. ಹೊರಗೆ ಬಂದು ಬಸ್ ಸ್ಟಾಪಲ್ಲಿ ಅತ್ತಿದ್ದೀನಿ, ಮುಚ್ಚಿಟ್ಟು ಏನು ಪ್ರಯೋಜನ.

ಅಕೌಂಟ್ಸ್ ಓದಿದವರಿಗೆ ಗೊತ್ತು, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಇದೆ ಅಂತಲ್ಲ. ಒಂದು ಎಂಟ್ರಿ ಪೂರ್ತಿ ಬಿಟ್ಟೇ ಹೋಗಿದ್ರೂ ಟ್ಯಾಲಿ ಆಗತ್ತೆ. ನನ್ನಲ್ಲಿ ಬಿಟ್ಟುಹೋದ ಎಂಟ್ರಿ ರಕ್ತ. ಒಂದು ವರ್ಷ ಆದ್ಮೇಲೆ ಇನ್ನೊಬ್ಬ ಡಾಕ್ಟರ್, 'ಬೆಳಿಗ್ಗೆ ಎದ್ದಾಗಿಂದ ರಾತ್ರಿವರೆಗೂ ಏನೇನಾಗತ್ತೆ ಹೇಳಿ' ಅಂದ್ರು. ಹೇಳಿದೆ. ಹಿಮೋಗ್ಲೋಬಿನ್ ನೋಡಿಸಿದ್ರು, 8.6. ಕಬ್ಬಿಣದ ಮಾತ್ರೆ ಕೊಟ್ರು.

ಆಮೇಲಿನ ತಪ್ಪು ನನ್ನದೇ. ಮರೆತುಹೋಗ್ಬಾರ್ದು ಅಂತ ಎರಡೂ ಮಾತ್ರೆ ಒಟ್ಟಿಗೆ, ಅದೂ ಕಾಫಿ ಜೊತೆ ನುಂಗ್ತಿದ್ದೆ. ಟಿಎಸ್‌ಎಚ್ ಮತ್ತೆ 7ಕ್ಕೆ ಏರ್ತು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನ ಹೊಟ್ಟೆಯಲ್ಲೇ ಹಿಡ್ಕೊಂಡ್ಬಿಡ್ತವೆ, ದೇಹಕ್ಕೆ ಸೇರೋಕೆ ಬಿಡಲ್ಲ. ನಾಲ್ಕು ಗಂಟೆ ಅಂತರ ಬೇಕು. ಕಾಫಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯ್ಬೇಕು. ನಮ್ಮ ಕಡೆಯವರು ಮಾತ್ರೆ ನುಂಗಿ ತಕ್ಷಣ ರಾಗಿ ಅಂಬಲಿ ಕುಡೀತಾರಲ್ಲ, ಅದಕ್ಕೂ ಸ್ವಲ್ಪ ಹೊತ್ತು ಕೊಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಾರೂ ಇದೆ. ಮಧ್ಯಾಹ್ನದ ಮುದ್ದೆಗೇನೂ ತೊಂದರೆ ಇಲ್ಲ, ಗಾಬರಿ ಆಗ್ಬೇಡಿ. ಬೇಯಿಸಿದ ಎಲೆಕೋಸೂ ಅಷ್ಟೆ, ಹದವಾಗಿ ತಿನ್ನಬಹುದು.

ಇನ್ನೊಂದು ಸತ್ಯ ಹೇಳ್ಬೇಕು. ಎಲ್ಲ ಸರಿಮಾಡ್ಕೊಂಡ್ರೂ ಕೆಲವರಿಗೆ ಪೂರ್ತಿ ಸರಿ ಅನ್ಸಲ್ಲ. ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ನಡೆಸಿ, 2018ರಲ್ಲಿ ಪ್ರಕಟವಾದ ಆನ್‌ಲೈನ್ ಸಮೀಕ್ಷೆಗೆ 12,146 ಜನ ಉತ್ತರಿಸಿದ್ರು. ನಾನು ತಗೊಳ್ಳೋ ಲಿವೊಥೈರಾಕ್ಸಿನ್ ತಗೊಳ್ಳೋರು ಚಿಕಿತ್ಸೆಗೆ ಕೊಟ್ಟ ಮಧ್ಯಮ ಅಂಕ ಹತ್ತಕ್ಕೆ ಐದು. ಇಂಥ ಸಮೀಕ್ಷೆಗೆ ಬೇಜಾರಾದವರೇ ಹೆಚ್ಚು ಉತ್ತರ ಕೊಡ್ತಾರೆ ಅನ್ನೋದೂ ನಿಜ. ಆದ್ರೂ ಅದನ್ನ ಓದಿದಾಗ 'ಸದ್ಯ, ನಾನೊಬ್ಬಳೇ ಅಲ್ಲ' ಅನ್ನಿಸ್ತು. ನಾನು ಈಗ ಏಳು ಕೊಡ್ತೀನಿ. ಕೂದಲು ಇನ್ನೂ ಉದುರತ್ತೆ. ಕೆಲವು ಸಲ ಮೈಕ್ ಮುಂದೆ ಪದ ಮರೆತುಹೋಗತ್ತೆ, ಎಡಿಟ್‌ನಲ್ಲಿ ತೆಗೀತೀನಿ, ನಿಮಗೆ ಗೊತ್ತಾಗಲ್ಲ ಅಷ್ಟೆ.

ಮೆಸೇಜ್‌ಗಳಲ್ಲಿ ಒಂದು ಹನೂರು ಕಡೆಯ ಹೆಂಗಸಿನದ್ದು. ಪರೀಕ್ಷೆಗೆ ಹೋದ್ರೆ ಆ ದಿನದ ಕೂಲಿ ಹೋಗತ್ತೆ, ಕಾದು ಕಾದು ಒಳಗೆ ಹೋದ್ರೆ 'ನಾರ್ಮಲ್' ಅನ್ನೋ ಒಂದು ಪದ, ಅದಕ್ಕೇ ಮಾತ್ರೆ ಬಿಟ್ಟೆ ಅಂತ. ಅಕ್ಕಾ, ಕೇಳಿಸ್ಕೋತಿದ್ರೆ, ದಯವಿಟ್ಟು ನೀವಾಗೇ ಬಿಡ್ಬೇಡಿ. ಬಿಟ್ಟ ಮೊದಲ ವಾರ ಏನೂ ಗೊತ್ತಾಗಲ್ಲ, ಯಾಕಂದ್ರೆ ಆ ಮಾತ್ರೆಯ ಅರ್ಧ ಭಾಗ ರಕ್ತದಿಂದ ಹೋಗೋಕೇ ಸುಮಾರು ಒಂದು ವಾರ ಬೇಕು. ಅದೇ ಮೋಸ ಮಾಡೋದು. ಮುಂದಿನ ಸಲ ಹೋಗುವಾಗ ಒಂದು ಚೀಟಿಯಲ್ಲಿ ಮೂರು ಸಾಲು ಬರ್ಕೊಂಡು ಹೋಗಿ: ಮಾತ್ರೆ ಎಷ್ಟು ಹೊತ್ತಿಗೆ, ಯಾವುದರ ಜೊತೆ, ಇನ್ನೂ ಏನು ಕಾಡ್ತಿದೆ. ನಾನು ಹಾಗೇ ಮಾಡೋದು. ಬಾಯಲ್ಲಿ ಹೇಳೋದನ್ನ ಕೇಳದೇ ಇರೋರು ಚೀಟಿ ಕೊಟ್ರೆ ಓದ್ತಾರೆ, ಯಾಕೋ ಗೊತ್ತಿಲ್ಲ.

ಮೊನ್ನೆ ಅಮ್ಮ ಒಲೆ ಮುಂದೆ ಕೂತಿದ್ದವಳು, 'ನಂಗೂ ಕೈಕಾಲು ತಣ್ಣಗೆ ಇರ್ತವೆ ಕನಮ್ಮಿ, ನಾನೂ ಒಂದ್ಸಲ ನೋಡುಸ್ಲಾ?' ಅಂದ್ಲು. ಇದು ಮನೆತನದಲ್ಲಿ ಬರೋ ಸಾಧ್ಯತೆ ಇದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ರೂ ಕೊಳ್ಳೇಗಾಲಕ್ಕೆ ಹೋಗ್ತಿದ್ದೀವಿ. ಚೀಟಿ ನಾನು ಬರೀತೀನಿ ಅಂದ್ರೆ ಬೇಡ, ನಾನೇ ಹೇಳ್ತೀನಿ ಅಂತಿದ್ದಾಳೆ.