ಲಿಪಿಕಾರ, ದುಭಾಷಿ ಮತ್ತು ಪೂರ್ಣವಿರಾಮ

ಜೀವವಿಜ್ಞಾನದ ಮೊದಲ ಪಾಠಗಳಲ್ಲಿ ಜೊತೆಜೊತೆಯಾಗಿ ಬರುವ ಎರಡು ಇಂಗ್ಲಿಷ್ ಶಬ್ದಗಳಿವೆ: ಟ್ರಾನ್ಸ್‌ಕ್ರಿಪ್ಷನ್ ಮತ್ತು ಟ್ರಾನ್ಸ್‌ಲೇಷನ್. ಎರಡಕ್ಕೂ ತಲೆ ಒಂದೇ, ಬಾಲ ಒಂದೇ. ಬಹುಕಾಲ ಕಾಲೇಜಿನಲ್ಲಿ ಈ ವಿಷಯವನ್ನು ಬೋಧಿಸಿದ ನಾನು, ಬುದ್ಧಿವಂತ ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದು ಬರುವುದನ್ನು ಕಂಡಿದ್ದೇನೆ. ಅವೇ ಶಬ್ದಗಳನ್ನು ಕನ್ನಡಕ್ಕೆ ತಂದು ನೋಡಿ: ಒಂದು ಪ್ರತಿಲೇಖನ, ಇನ್ನೊಂದು ಭಾಷಾಂತರ. ಓಲೆಗರಿಯನ್ನು ಮುಂದಿಟ್ಟುಕೊಂಡು ಪ್ರತಿಮಾಡುವ ಲಿಪಿಕಾರನನ್ನೂ, ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳುವ ದುಭಾಷಿಯನ್ನೂ ಸಾಹಿತ್ಯ ಬಲ್ಲ ಯಾರೂ ಒಬ್ಬರೇ ಎಂದು ಭ್ರಮಿಸಲಾರರು. ಈ ಭೇದವನ್ನು ಕೈದೀಪವಾಗಿ ಹಿಡಿದು ಹೊರಟರೆ ಆರ್.ಎನ್.ಎ. ಎಂಬ ವಸ್ತುವಿನ ಸ್ವಭಾವ ತಾನಾಗಿಯೇ ತೆರೆದುಕೊಳ್ಳುತ್ತದೆ.

ಮೂಡಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಡವಾಲೆ ಪ್ರತಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಭಾಷೆ ಬಹುಮಟ್ಟಿಗೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ಮೂಲವನ್ನು ಭಂಡಾರದಿಂದ ಹೊರಗೆ ಒಯ್ಯುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಆದಿಭಾಗದವರೆಗೆ ಲಿಪಿಕಾರರು ಅಲ್ಲಿಯೇ ಕುಳಿತು ಅವುಗಳನ್ನು ನಾಗರಿ ಲಿಪಿಗೆ ಇಳಿಸಿದರು. ಲಿಪಿ ಬದಲಾಯಿತು, ಭಾಷೆ ಬದಲಾಗಲಿಲ್ಲ. ಹೊರಗೆ ಬಂದದ್ದು ಪ್ರತಿ. 1939ರಿಂದ ಧವಲಾ ಗ್ರಂಥವು ಹಿಂದಿ ಅನುವಾದದೊಡನೆ ಅಚ್ಚಾಗತೊಡಗಿತು. ಪ್ರತಿ ಮಾಡಿದ್ದು ಒಂದು ಕಾರ್ಯ, ಅನುವಾದಿಸಿದ್ದು ಬೇರೆಯೇ ಒಂದು ಕಾರ್ಯ. ನಮ್ಮ ದೇಹದ ಜೀವಕೋಶಗಳಲ್ಲೂ ನಡೆಯುವುದು ಇದೇ ಕ್ರಮ.

ಜೀವಕೋಶದ ಭಂಡಾರವೆಂದರೆ ಅದರ ನಡುವಿನ ಕೋಶಕೇಂದ್ರ. ಅಲ್ಲಿರುವ ಮೂಲಗ್ರಂಥ ಡಿ.ಎನ್.ಎ. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ: ಎ, ಜಿ, ಸಿ, ಟಿ. ಈ ಗ್ರಂಥ ಭಂಡಾರ ಬಿಟ್ಟು ಹೊರಡುವುದಿಲ್ಲ. ಬೇಕಾದ ಪ್ರಕರಣವೊಂದನ್ನು ಮಾತ್ರ ಒಂದು ಕಿಣ್ವವು ಆರ್.ಎನ್.ಎ. ಆಗಿ ಪ್ರತಿ ತೆಗೆಯುತ್ತದೆ. ಅಲ್ಲಿಯೂ ನಾಲ್ಕೇ ಅಕ್ಷರ. ಟಿ ಇದ್ದಲ್ಲಿ ಯು ಬರುತ್ತದೆ, ಅಷ್ಟೇ ವ್ಯತ್ಯಾಸ. ಇದು ಪ್ರತಿಲೇಖನ. ಹೀಗೆ ಹೊರಬೀಳುವ ಪ್ರತಿಗೆ ಸಂದೇಶವಾಹಕ ಆರ್.ಎನ್.ಎ. ಎಂದು ಹೆಸರು. ಇಂಥದೊಂದು ವಾಹಕವಿದೆ ಎಂಬುದು ಪ್ರಯೋಗದಿಂದ ದೃಢಪಟ್ಟದ್ದು 1961ರಲ್ಲಿ.

ನಮ್ಮಂಥ ಪ್ರಾಣಿಗಳಲ್ಲಿ ಈ ಪ್ರತಿ ನೇರವಾಗಿ ಹೊರಗೆ ಹೋಗುವುದಿಲ್ಲ. ಮೂಲದಲ್ಲಿ ಅರ್ಥವುಳ್ಳ ಭಾಗಗಳ ನಡುವೆ ಪ್ರೋಟೀನಿಗೆ ಬೇಡವಾದ ಭಾಗಗಳೂ ಸೇರಿರುತ್ತವೆ. ಇದು ತಿಳಿದದ್ದು 1977ರಲ್ಲಿ. ಅವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಜೋಡಿಸಿ, ಪರಿಷ್ಕೃತ ಪ್ರತಿಯನ್ನು ಕಳುಹಿಸಲಾಗುತ್ತದೆ. ಹೊರಗೆ ಬಂದ ಪ್ರತಿ ಅಲ್ಪಾಯು. ಬ್ಯಾಕ್ಟೀರಿಯಾಗಳಲ್ಲಿ ಕೆಲವು ನಿಮಿಷ, ನಮ್ಮಲ್ಲಿ ಹೆಚ್ಚಿನವು ಕೆಲವು ಗಂಟೆ. ಕೆಲಸ ಮುಗಿದ ಮೇಲೆ ಹರಿದೆಸೆಯುವ ಚೀಟಿಯಂತೆ. 2020ರ ಕೊನೆಗೆ ಆರ್.ಎನ್.ಎ. ಲಸಿಕೆಗಳು ಬಂದಾಗ, ಅವು ನಮ್ಮ ವಂಶವಾಹಿಯನ್ನೇ ತಿದ್ದಿಬಿಡುತ್ತವೆಂಬ ಭಯ ಅನೇಕರನ್ನು ಕಾಡಿತು. ಮೂಲಕ್ಕೂ ಪ್ರತಿಗೂ ಇರುವ ಅಂತರ ತಿಳಿದವರಿಗೆ ಉತ್ತರ ಕಷ್ಟವಲ್ಲ. ಲಸಿಕೆಯಲ್ಲಿ ಬಂದದ್ದು ಒಂದು ಚೀಟಿ. ಅದು ಭಂಡಾರದೊಳಕ್ಕೆ ಹೋಗದೆ, ಹೊರಗಿನ ಅನುವಾದಶಾಲೆಯಲ್ಲಿ ಓದಿಸಿಕೊಂಡು ನಾಶವಾಗುತ್ತದೆ.

ಇನ್ನು ಭಾಷಾಂತರ. ಪ್ರೋಟೀನುಗಳ ಭಾಷೆಯೇ ಬೇರೆ. ಅದರ ವರ್ಣಮಾಲೆಯಲ್ಲಿ ಇಪ್ಪತ್ತು ಅಮೈನೋ ಆಮ್ಲಗಳಿವೆ. ಆರ್.ಎನ್.ಎ.ಯ ಮೂರು ಮೂರು ಅಕ್ಷರಗಳ ಗುಂಪು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಈ ಎರಡು ಭಾಷೆಗಳಿಗೆ ಪರಸ್ಪರ ಯಾವ ಹೋಲಿಕೆಯೂ ಇಲ್ಲ. ಆದುದರಿಂದ ನಡುವೆ ಒಬ್ಬ ದುಭಾಷಿ ಬೇಕು. ಸಾಗಣೆಯ ಆರ್.ಎನ್.ಎ. ಎಂದು ಪಠ್ಯಗಳು ಕರೆಯುವುದು ಈ ದುಭಾಷಿಯನ್ನೇ. ಹೆಸರು ಕೇಳಿದರೆ ಹೊರೆಯಾಳಿನಂತೆ ತೋರುತ್ತದೆ. ಅದರ ಒಂದು ತುದಿ ಮೂರಕ್ಷರದ ಗುಂಪನ್ನು ಗುರುತಿಸುತ್ತದೆ, ಇನ್ನೊಂದು ತುದಿ ಅದಕ್ಕೆ ಸಲ್ಲುವ ಅಮೈನೋ ಆಮ್ಲವನ್ನು ಹೊತ್ತಿರುತ್ತದೆ.

ಆದರೆ ಯಾವ ದುಭಾಷಿಗೆ ಯಾವ ಅಮೈನೋ ಆಮ್ಲ ಎಂದು ನಿಶ್ಚಯಿಸಿ ಹೊರಿಸುವವರು ಯಾರು? ಅದಕ್ಕೆಂದೇ ಬೇರೆ ಕಿಣ್ವಗಳಿವೆ. 1962ರ ಒಂದು ಪ್ರಯೋಗದಲ್ಲಿ, ಸಿಸ್ಟೀನ್ ಹೊತ್ತಿದ್ದ ಆರ್.ಎನ್.ಎ.ಯನ್ನು ತೆಗೆದುಕೊಂಡು, ಹೊರೆಯನ್ನು ಮಾತ್ರ ರಾಸಾಯನಿಕವಾಗಿ ಅಲನೀನ್ ಆಗಿ ಬದಲಿಸಲಾಯಿತು. ಫಲವೇನು? ಸಿಸ್ಟೀನ್ ಬರಬೇಕಾದಲ್ಲೆಲ್ಲ ಅಲನೀನ್ ಹೋಗಿ ಕುಳಿತಿತು. ದುಭಾಷಿ ಹೇಳಿದ್ದನ್ನು ಅನುವಾದಶಾಲೆ ಪರೀಕ್ಷಿಸುವುದಿಲ್ಲ, ನಂಬುತ್ತದೆ. ಜೀವದ ಭಾಷಾಂತರ ನಿಂತಿರುವುದು ಈ ವಿಶ್ವಾಸದ ಮೇಲೆ.

ಆ ಅನುವಾದಶಾಲೆಯೇ ರೈಬೋಸೋಮು. ಅದರ ಕಟ್ಟಡದಲ್ಲಿ ಪ್ರೋಟೀನೂ ಇದೆ, ಮೂರನೆಯ ಬಗೆಯಾದ ರೈಬೋಸೋಮಿನ ಆರ್.ಎನ್.ಎ.ಯೂ ಇದೆ. ಜೀವಕೋಶದಲ್ಲಿರುವ ಆರ್.ಎನ್.ಎ.ಯ ಬಹುಪಾಲು ಇದೇ. ಬಹುಕಾಲ ಇದನ್ನು ಬರಿಯ ಗೋಡೆ, ಕಂಬವೆಂದು ಎಣಿಸಿದ್ದರು. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಅವರೊಡನೆ 2009ರ ನೊಬೆಲ್ ಬಹುಮಾನ ಹಂಚಿಕೊಂಡ ಇಬ್ಬರು ರೈಬೋಸೋಮಿನ ರಚನೆಯನ್ನು ಬಿಡಿಸಿ ತೋರಿಸಿದರು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವ ಜಾಗದಲ್ಲಿ ಇರುವುದು ಆರ್.ಎನ್.ಎ.ಯೇ ಎಂಬುದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಯಿತು. ಪ್ರತಿಯೂ ಆರ್.ಎನ್.ಎ., ದುಭಾಷಿಯೂ ಆರ್.ಎನ್.ಎ., ಶಾಲೆಯ ಮುಖ್ಯ ಕೆಲಸಗಾರನೂ ಆರ್.ಎನ್.ಎ.

ನಾಲ್ಕು ಅಕ್ಷರಗಳಿಂದ ಮೂರಕ್ಷರದ 64 ಪದಗಳನ್ನು ಮಾಡಬಹುದು. ಈ ನಿಘಂಟಿನ ಮೊದಲ ಪದ 1961ರಲ್ಲಿ ನೀರೆನ್‌ಬರ್ಗ್ ಅವರಿಗೆ ದೊರಕಿತು. ಹರಗೋವಿಂದ ಖೊರಾನಾ ಅವರು ಅಕ್ಷರಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಪೋಣಿಸಿ, ಇನ್ನೂ ಅನೇಕ ಪದಗಳ ಅರ್ಥವನ್ನು ನಿಶ್ಚಯಿಸಿದರು. 61 ಪದಗಳಿಗೆ ಅಮೈನೋ ಆಮ್ಲದ ಅರ್ಥವಿದೆ. ವಾಕ್ಯ ಸಾಮಾನ್ಯವಾಗಿ ಆರಂಭವಾಗುವುದು ಎ-ಯು-ಜಿ ಎಂಬುದರಿಂದ. ಉಳಿದ ಮೂರು ಪದಗಳಿಗೆ ಯಾವ ಅರ್ಥವೂ ಇಲ್ಲ. ಅವು ಪೂರ್ಣವಿರಾಮಗಳು. ಅವುಗಳನ್ನು ಓದುವ ದುಭಾಷಿ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳನ್ನು ಗುರುತಿಸುವುದು ಕೆಲವು ಪ್ರೋಟೀನುಗಳು, ಅವು ಸರಪಳಿಯನ್ನು ಅಲ್ಲಿಗೆ ಕಳಚಿಬಿಡುತ್ತವೆ.

ಕೇಳುಗರೇ, ಈ ಪೂರ್ಣವಿರಾಮದ ಕಥೆಗೂ ನಮ್ಮ ಊರಿಗೂ ಒಂದು ನಂಟಿದೆ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಬರುವಾಗ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಸ್ತಾರವಾದ ಆವರಣ ಸಿಗುತ್ತದೆ. ಯಲಹಂಕದವನಾದ ನನಗೆ ಅದು ದಿನನಿತ್ಯದ ಹಾದಿ. ಬಸ್ಸಿನಲ್ಲಿ ಕುಳಿತವರಿಗೆ ರಾಗಿಯ ನೆನಪು ತರುವ ಆ ಆವರಣದೊಳಗೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ. ಅದನ್ನು ಕಟ್ಟಿದವರು ಒಬೈದ್ ಸಿದ್ದೀಕಿ. 1932ರಲ್ಲಿ ಉತ್ತರ ಪ್ರದೇಶದಲ್ಲಿ ಹುಟ್ಟಿ, ಅಲೀಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಸಂಶೋಧನೆ ಮಾಡಿ, ಹೋಮಿ ಭಾಭಾ ಅವರ ಆಹ್ವಾನದ ಮೇಲೆ ಮುಂಬಯಿಗೆ ಬಂದು ಅಣುಜೀವವಿಜ್ಞಾನದ ವಿಭಾಗವನ್ನು ಆರಂಭಿಸಿದವರು. ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ, ನೊಣದ ಘ್ರಾಣಶಕ್ತಿಯನ್ನು ಅಧ್ಯಯನ ಮಾಡುತ್ತ, 2013ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಮುಂಬಯಿಗೆ ಬರುವ ಮುನ್ನ ಅವರು ಅಮೆರಿಕದಲ್ಲಿ ಆಲನ್ ಗ್ಯಾರೆನ್ ಅವರೊಡನೆ ಕೆಲಸ ಮಾಡಿದ್ದರು. ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ ತಯಾರಿಸುವ ಕಿಣ್ವವೊಂದು ಅವರ ಅಧ್ಯಯನದ ವಸ್ತು. ಆ ಕಿಣ್ವದ ವಂಶವಾಹಿ ಕೆಟ್ಟು, ಕಿಣ್ವ ಹುಟ್ಟದೇ ಹೋದ ತಳಿಗಳಿದ್ದವು. ಅವುಗಳಲ್ಲಿ ಕೆಲವಕ್ಕೆ, ಬೇರೊಂದು ಜಾಗದಲ್ಲಿ ನಡೆದ ಇನ್ನೊಂದು ಬದಲಾವಣೆಯಿಂದ ಕಿಣ್ವ ಮರಳಿ ಬರುತ್ತಿತ್ತು. ವಂಶವಾಹಿಯ ಬೇರೆ ಬೇರೆ ತಾಣಗಳಲ್ಲಿ ಕೆಟ್ಟ ತಳಿಗಳನ್ನು ಒಂದೇ ಬದಲಾವಣೆ ಸರಿಪಡಿಸುತ್ತಿದ್ದುದು ವಿಚಿತ್ರ. ಹಾಗಾದರೆ ಆ ತಾಣಗಳಲ್ಲೆಲ್ಲ ಒಂದೇ ಬಗೆಯ ಕೇಡು ಇರಬೇಕು, ಅದು ವಾಚನದ ಕೇಡೇ ಆಗಿರಬೇಕು. 1962ರಲ್ಲಿ ಪ್ರಕಟವಾದ ಈ ಕೆಲಸ, ಅದೇ ಸುಮಾರಿಗೆ ಸೀಮೋರ್ ಬೆಂಜರ್ ಅವರು ವೈರಸ್ಸುಗಳಲ್ಲಿ ಕಂಡುಕೊಂಡ ಸಂಗತಿಯೊಡನೆ ಕೂಡಿ, ಪೂರ್ಣವಿರಾಮಗಳ ಶೋಧಕ್ಕೆ ದಾರಿ ತೆರೆಯಿತು. 1965ರಲ್ಲಿ ಎರಡು ವಿರಾಮಗಳ ಅಕ್ಷರಗಳು ತಿಳಿದವು, ಮೂರನೆಯದು ಅನಂತರ.

ಸರಿಪಡಿಸುತ್ತಿದ್ದವನು ಯಾರು? ದುಭಾಷಿಯೇ! ಯು-ಎ-ಸಿ ಎಂದರೆ ಟೈರೋಸೀನ್ ಎಂಬ ಅಮೈನೋ ಆಮ್ಲ, ಯು-ಎ-ಜಿ ಎಂದರೆ ವಿರಾಮ. ಒಂದೇ ಅಕ್ಷರದ ಅಂತರ. ಟೈರೋಸೀನ್ ತರುವ ದುಭಾಷಿಯ ಓದುವ ತುದಿಯಲ್ಲಿ ಒಂದಕ್ಷರ ಬದಲಾದರೆ, ಅದು ವಿರಾಮವನ್ನೇ ಟೈರೋಸೀನ್ ಎಂದು ಓದುತ್ತದೆ. ಅಕಾಲದಲ್ಲಿ ನಿಂತಿದ್ದ ವಾಕ್ಯ ಮುಂದುವರಿಯುತ್ತದೆ. ಪದ ಮೂಲದ್ದಲ್ಲದಿದ್ದರೂ ಅನೇಕ ವೇಳೆ ಅರ್ಥಕ್ಕೆ ಧಕ್ಕೆ ಬರುವುದಿಲ್ಲ. ಮುಂದೆ 1976ರಲ್ಲಿ ಖೊರಾನಾ ಅವರ ತಂಡ ಪ್ರಯೋಗಶಾಲೆಯಲ್ಲಿ ಪೂರ್ತಿಯಾಗಿ ಕಟ್ಟಿದ ವಂಶವಾಹಿಯೊಂದು ಜೀವಂತ ಬ್ಯಾಕ್ಟೀರಿಯಾದಲ್ಲಿ ಕೆಲಸ ಮಾಡಿತು. ಅವರು ಆರಿಸಿಕೊಂಡದ್ದು ವಿರಾಮವನ್ನು ದಾಟಿಸುವ ಇಂಥ ದುಭಾಷಿಯ ವಂಶವಾಹಿಯನ್ನೇ.

ಇದು ಪಂಡಿತರ ವಿನೋದ ಮಾತ್ರವೆಂದು ಯಾರೂ ತಿಳಿಯಬಾರದು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. 39ನೆಯದರ ಜಾಗದಲ್ಲಿ ಸಿ ಇದ್ದುದು ಯು ಆದರೆ, ಅಲ್ಲಿಗೆ ಪೂರ್ಣವಿರಾಮ. ಮೆಡಿಟರೇನಿಯನ್ ತೀರದ ಜನರಲ್ಲಿ ಬೀಟಾ ಥಲಸೀಮಿಯಾ ಎಂಬ ರೋಗಕ್ಕೆ ಇದೊಂದು ಮುಖ್ಯ ಕಾರಣ. ಭಾರತದಲ್ಲಿ ಆ ರೋಗಕ್ಕೆ ಅತಿ ಸಾಮಾನ್ಯವಾದ ಕಾರಣ ಬೇರೆ: ಪ್ರತಿಯಿಂದ ಕತ್ತರಿಸಿ ತೆಗೆಯಬೇಕಾದ ಮೊದಲ ಭಾಗದ ಐದನೆಯ ಅಕ್ಷರ, ಜಿ ಹೋಗಿ ಸಿ ಆಗಿರುವುದು. ಅಲ್ಲಿ ವಿರಾಮ ತಪ್ಪಾದರೆ, ಇಲ್ಲಿ ಪರಿಷ್ಕರಣ ತಪ್ಪಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಇಂಥ ಕೆಟ್ಟ ಅಕ್ಷರವನ್ನು ಪಡೆದ ಮಗು ಕೆಲವು ವಾರಗಳಿಗೊಮ್ಮೆ ಪರರ ರಕ್ತ ಪಡೆದು ಬದುಕಬೇಕಾಗುತ್ತದೆ. ಹೆಸರು ಒಂದೇ ಆದರೂ ಒಂದು ಭಾಷಾಂತರದ ಹಂತದ ರೋಗ, ಇನ್ನೊಂದು ಪ್ರತಿಯ ಹಂತದ ರೋಗ. ವಿರಾಮದ ದೋಷಕ್ಕೆ ದುಭಾಷಿಯನ್ನೇ ಔಷಧವಾಗಿ ಬಳಸಬಹುದೇ ಎಂದು ಸಂಶೋಧಕರು ಶ್ರಮಿಸುತ್ತಿದ್ದಾರೆ. ಪರಿಷ್ಕರಣದ ದೋಷಕ್ಕೆ ಆ ಉಪಾಯ ಸಲ್ಲದು, ಅದಕ್ಕೆ ಬೇರೆ ದಾರಿಯನ್ನೇ ಹುಡುಕಬೇಕು.

ಆದ್ದರಿಂದ, ಪರೀಕ್ಷೆಯ ಹಾಳೆಯಲ್ಲಿ ವಿದ್ಯಾರ್ಥಿ ಈ ಎರಡು ಶಬ್ದಗಳನ್ನು ಅದಲುಬದಲು ಮಾಡಿದಾಗ ಕಳೆದುಹೋಗುವುದು ಒಂದೆರಡು ಅಂಕಗಳು ಮಾತ್ರವಲ್ಲ. ಕೇಡು ಲಿಪಿಕಾರನದೋ ದುಭಾಷಿಯದೋ ಎಂದು ಕೇಳುವ ಶಕ್ತಿಯೇ ಕಳೆದುಹೋಗುತ್ತದೆ. ಆ ಪ್ರಶ್ನೆಯನ್ನು ಕೇಳಲು ಬೇಕಾದ ಮಾತುಗಳು ಕನ್ನಡದಲ್ಲಿ ಹಿಂದಿನಿಂದಲೂ ಇವೆ. ಅವುಗಳನ್ನು ತರಗತಿಯೊಳಕ್ಕೆ ಕರೆದು ತರುವುದು ನಮ್ಮ ಕೆಲಸ.

(ಬಾನುಲಿ ಭಾಷಣ)