ಲಾರಿಯ ಭಾರ, ಯಾರ ಹೊಣೆ?

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ವಾಶಿ ಮಾರುಕಟ್ಟೆಗೆ ಸರಕು ತರುವ ನಮ್ಮ ಲಾರಿ ಚಾಲಕ ಬಂಧುಗಳಿಗಾಗಿ ಇಂದಿನ ಮಾತು.

ಲಾರಿ ಎಷ್ಟು ಭಾರ ಹೊರಬಹುದೆಂದು ಗೊತ್ತುಪಡಿಸುವುದು ಕೇಂದ್ರ ಸರ್ಕಾರ. 2018ರಲ್ಲಿ ಈ ಮಿತಿ ಏರಿತು. ಹತ್ತು ಚಕ್ರದ ಲಾರಿಗೆ ಸರಕೂ ಸೇರಿ 25 ಟನ್ ಇದ್ದದ್ದು 28.5 ಟನ್ ಆಯಿತು. ಆದರೆ ನಿಮ್ಮ ಲಾರಿಯ ಮಿತಿ ಎಷ್ಟೆಂದು ಆರ್‌ಸಿ ನೋಡಿಯೇ ತಿಳಿಯಿರಿ.

ರಾಜ್ಯದ ಪಾಲಿಗಿರುವುದು ತೂಗಿ ನೋಡುವುದು, ದಂಡ ಹಾಕುವುದು, ಯಾವ ರಸ್ತೆಗೆ ಯಾವ ಹೊತ್ತಿನಲ್ಲಿ ಭಾರಿ ವಾಹನ ಬರಬಾರದೆಂದು ಹೇಳುವುದು. ಮಿತಿ ಮೀರಲು ಅದು ಪರವಾನಗಿ ಕೊಡುವಂತಿಲ್ಲ. ಹಿಂದೆ ಕೆಲವು ರಾಜ್ಯಗಳು ಹಣ ಪಡೆದು ‘ಗೋಲ್ಡ್ ಕಾರ್ಡ್’ ಕೊಡುತ್ತಿದ್ದವು. 2005ರಲ್ಲಿ ಸುಪ್ರೀಂ ಕೋರ್ಟ್ ಅದು ಸಲ್ಲದೆಂದಿತು.

2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಮೂರು ಟನ್ ಹೆಚ್ಚಾದರೆ 26,000! ಹೆಚ್ಚಿನ ಸರಕು ಇಳಿಸುವವರೆಗೆ ಲಾರಿ ಕದಲುವಂತಿಲ್ಲ, ಇಳಿಸುವ ಖರ್ಚೂ ಬೇರೆ. ತೂಗಿಸಲು ಒಪ್ಪದಿದ್ದರೆ 40,000.

“ಹಾಕ್ಕೊಂಡು ಹೋಗೋ ತಮ್ಮಾ, ನಾ ಅದೀನಲ್ಲ” ಎನ್ನುವ ಮಾಲೀಕರೇ, ಕೇಳಿ. ಕಾನೂನಿನಲ್ಲಿ ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಹೊಣೆ. ಆದರೆ ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದಾಗ ಸ್ಟಿಯರಿಂಗ್ ಮುಂದೆ ಕೂತಿರುವವನು ಚಾಲಕನೊಬ್ಬನೇ.

ಆದ್ದರಿಂದ ಚಾಲಕ ಮಿತ್ರರೇ, ಸರಕು ತುಂಬಿದ ಊರಲ್ಲೇ ವೇಬ್ರಿಜ್‌ನಲ್ಲಿ ತೂಗಿಸಿ, ಚೀಟಿ ಜೇಬಿನಲ್ಲಿಟ್ಟುಕೊಂಡು ಹೊರಡಿ. ಮನೆಯಲ್ಲಿ ನಿಮ್ಮ ದಾರಿ ಕಾಯುವವರಿದ್ದಾರೆ. ಶುಭ ಪ್ರಯಾಣ.